ನವಮಿಯ ಸೌತೆಕಾಯಿ ಸಂಗ್ರಾಮ

ಎಲೈ ವಾಗ್ದೇವಿಯೇ, ನನ್ನ ನಾಲಗೆಯಲ್ಲಿ ನೆಲಸು. ನೈವೇದ್ಯಕ್ಕೆ ಮುನ್ನ ನಾಲಗೆಗೆ ಅಧಿಕಾರವಿಲ್ಲದ ಮನೆಯೊಂದರ ಮಹಾಸಮರವನ್ನು ಹೇಳಬೇಕಾಗಿದೆ. ಸಂಶಯಸಾಗರವನ್ನು ಸಂಖ್ಯಾಸೇತುವಿನಿಂದ ದಾಟಬಹುದೆಂದು ಮಾನವರು ನಂಬಿದ್ದ ಯುಗದಲ್ಲಿ, ಶ್ರೀರಂಗಪಟ್ಟಣದ ಅಡುಗೆಮನೆಯೊಂದರಲ್ಲಿ, ರಾಮನವಮಿಯ ಪ್ರಾತಃಕಾಲದಲ್ಲಿ, ನಿವೃತ್ತ ಸಂಖ್ಯಾಶಾಸ್ತ್ರೋಪನ್ಯಾಸಕನೂ ಸರಾಸರಿಸಾರ್ವಭೌಮನೂ ಆದ ಅಶ್ವತ್ಥನಾರಾಯಣಯ್ಯನು ಐದು ಎಳೆಯ ಸೌತೆಕಾಯಿಗಳಿಗೆ ಎದುರಾಗಿ ನಿಂತನು.

ಕಳೆದ ನವಮಿಯಂದು ಐದರಲ್ಲೊಂದು ಕಹಿಯಾಗಿ, ಕೋಸಂಬರಿಯೆಲ್ಲ ಹಾಲಾಹಲವಾಗಿ, ಅಯ್ಯನ ತಂಗಿ ಕಾತ್ಯಾಯಿನಿಯು ತುಂಬಿದ ಪಂಕ್ತಿಯಲ್ಲಿ, "ಅತ್ತಿಗೆ, ಇದು ಕೋಸಂಬರಿಯೋ, ಕಷಾಯವೋ?" ಎಂದಿದ್ದಳು. ಆ ಶರವು ಅಯ್ಯನ ಧರ್ಮಪತ್ನಿ, ಒಗ್ಗರಣಾಧೂಮವಿಜಯಿನಿ ಭ್ರಮರಾಂಬೆಯ ಎದೆಯಲ್ಲಿ ವರ್ಷವಿಡೀ ನಾಟಿಕೊಂಡಿತ್ತು. ಅದೇ ನಾದಿನಿಯು ಇಂದೂ ಊಟಕ್ಕೆ ಬರುವವಳಿದ್ದಳು. ರುಚಿ ನೋಡಿದ ಕಾಯಿ ಎಂಜಲು, ರಾಮನಿಗೆ ಸಲ್ಲದು. ನೋಡದಿದ್ದರೆ ಮಾನಕ್ಕೆ ರಕ್ಷೆಯಿಲ್ಲ.

ಆಗ ಅಯ್ಯನು ಉತ್ತರೀಯವನ್ನು ಹೆಗಲಿಗೇರಿಸಿ ಗರ್ಜಿಸಿದನು: "ಕೇಳು, ಭ್ರಮರಾ! ಕಾಯಿ ಕಹಿಯಾಗುವ ಸಂಭವ ಐದರಲ್ಲೊಂದೆಂದು ಇಟ್ಟುಕೊಂಡರೆ, ಐದೂ ಸಿಹಿಯಾಗಿರುವ ಸಂಭವ ಮೂರರಲ್ಲಿ ಒಂದು ಪಾಲೂ ಇಲ್ಲ. ಆದರೆ ಇವೆಲ್ಲ ಒಂದೇ ಬಳ್ಳಿಯವೆಂದು ಮಾರುವವಳು ಹೇಳಿದ್ದಾಳೆ. ಒಂದನ್ನು ಮಾದರಿಯಾಗಿ ತಿಂದು, ಉಳಿದವುಗಳ ಅಂತರಂಗವನ್ನು ಬಯಲಿಗೆಳೆಯುತ್ತೇನೆ!"

"ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ನಾಲಗೆಯೂ ಒಂದೇ ಥರ ಇರುತ್ತದೆಯೇ? ನಿಮ್ಮನ್ನೂ ನಿಮ್ಮ ತಂಗಿಯನ್ನೂ ನೋಡಿದರೆ ಸಾಲದೇ?" ಎಂದಳು ಭ್ರಮರಾಂಬೆ, ಈಳಿಗೆಮಣೆಯನ್ನು ಎಳೆದುಕೊಳ್ಳುತ್ತ.

ಅಯ್ಯನು ನಿರ್ಭೀತನಾಗಿ, ಹಿತ್ತಿಲ ಕಟ್ಟೆಯಲ್ಲಿ ಕುಳಿತು ಮೊದಲನೆಯದನ್ನು ಭಕ್ಷಿಸಿದನು. ಸಿಹಿ.

"ಸಿಹಿ ತಾನೇ? ಬನ್ನಿ ಇನ್ನು."

"ಒಂದರಿಂದ ನಿರ್ಣಯವೇ? ಛೇ! ಮಾದರಿಯು ಹಿರಿದಾದಷ್ಟೂ ಸಂಶಯವು ಕಿರಿದಾಗುತ್ತದೆ."

ಎರಡನೆಯದೂ ಸಿಹಿ. ಮೂರನೆಯದನ್ನು ಆ ವೀರನು ಶಾಸ್ತ್ರಕ್ಕಾಗಿ ತಿಂದನು, ನಾಲ್ಕನೆಯದನ್ನು, ಬಿಸಿಲೇರಿದ್ದರಿಂದ. ಬಳಿಕ ಪ್ರಳಯಾಂತ್ಯದ ಪ್ರಶಾಂತಿಯಿಂದ ಒಳಗೆ ಬಂದು ಸಾರಿದನು: "ನಾಲ್ಕಕ್ಕೆ ನಾಲ್ಕೂ ಸಿಹಿ! ಇನ್ನು ನಿಶ್ಚಿಂತಳಾಗಿ ಉಳಿದವುಗಳನ್ನು ಹೆಚ್ಚು."

"ಉಳಿದವು ಎಲ್ಲಿವೆ, ರೀ?"

ಸರಾಸರಿಸಾರ್ವಭೌಮನು ತಟ್ಟೆಯನ್ನು ನೋಡಿದನು. ಅಲ್ಲಿ ಸೌತೆಕಾಯಿ ಏಕಾಂಗಿಯಾಗಿ ಮಲಗಿತ್ತು.

"ಹತ್ತು ಜನರ ಎಲೆಗೆ ಇದೊಂದೇ! ಪರೀಕ್ಷೆ ಮಾಡುತ್ತ ಮಾಡುತ್ತ ಶಾಲೆಯನ್ನೇ ಮುಚ್ಚಿಬಿಟ್ಟಿರಲ್ಲ!" ಎಂದು ಆ ಮಾನಿನಿಯು ಕೆರಳಿ, ಅದನ್ನು ಕಣಕಣವಾಗಿ ಹೆಚ್ಚಿ, ನೆನೆದ ಹೆಸರುಬೇಳೆಯ ಮಹಾಸೈನ್ಯದಲ್ಲಿ ಬೆರೆಸಿ, ತೆಂಗಿನ ತುರಿ ಸುರಿದು, ಪತಿಯ ಶಾಸ್ತ್ರವನ್ನೂ ಪತಿಯ ತಂಗಿಯನ್ನೂ ಒಟ್ಟಿಗೆ ನಿಂದಿಸುತ್ತಲೇ ಒಗ್ಗರಣೆ ಕೊಟ್ಟು, ಶ್ರೀರಾಮನ ಮುಂದಿರಿಸಿದಳು. ಘಂಟಾನಾದವಾಯಿತು. ಮಂಗಳಾರತಿಯಾಯಿತು.

ಪಂಕ್ತಿಯಲ್ಲಿ ಕಾತ್ಯಾಯಿನಿಯು ಮೊದಲ ತುತ್ತನ್ನು ಬಾಯಿಗಿಟ್ಟಳು. ಭ್ರಮರಾಂಬೆಯ ಕೈಯಲ್ಲಿ ಸೌಟು ಸ್ತಬ್ಧವಾಯಿತು.

"ಕಹಿಯಿಲ್ಲ, ಅತ್ತಿಗೆ," ಎಂದಳು ನಾದಿನಿ.

ವರ್ಷದ ಬಾಣವು ಎದೆಯಿಂದ ಕಳಚಿಬಿತ್ತು. ಅಯ್ಯನು ದಿಗ್ವಿಜಯಿಯಂತೆ ಮೀಸೆಗೆ ಕೈಯೊಯ್ದನು.

"ಉಪ್ಪೂ ಇಲ್ಲ."

ನಾಲ್ಕು ಸೌತೆಕಾಯಿಗಳನ್ನು ಜಯಿಸಿದ ಆ ಮಹಾರಥನು ಪತ್ನಿಯ ಮುಖವನ್ನು ನೋಡದೆ ಎದ್ದು, ಉಪ್ಪಿನ ಭರಣಿಯನ್ನು ತರಲು ಒಳಗೆ ಹೋದನು.