ಅಳತೆ ಕೊಟ್ಟು ಹೊಲಿಸಿದ ಸೋಫಾ

ಕೂತುಕೊಳ್ಳುವ ವಿಷಯದಲ್ಲಿ ನಾನೊಬ್ಬ ಪಂಡಿತ ಎಂದು ಬಹಳ ದಿನ ನಂಬಿಕೊಂಡಿದ್ದೆ. ಅದಕ್ಕೆ ಕಾರಣವೂ ಇತ್ತು. ಪುಣೆಯ ಹತ್ತಿರ ಖಡಕಿಯ ಮಿಲಿಟರಿ ಕಚೇರಿಯಲ್ಲಿ ಗುಮಾಸ್ತನಾಗಿ ಹನ್ನೊಂದು ವರ್ಷದಿಂದ ನಾನು ಮಾಡುತ್ತ ಬಂದ ಕೆಲಸಗಳಲ್ಲಿ ಬರೆಯುವುದು, ಬರೆದದ್ದನ್ನು ಹುಡುಕುವುದು, ಸಾಹೇಬರು ಕರೆದರೆ ಓಡುವುದು ಇವೆಲ್ಲ ಆಗಾಗ ಬಂದು ಹೋಗುವಂಥವು. ಕೂಡುವುದು ಮಾತ್ರ ಹತ್ತರಿಂದ ಐದರವರೆಗೆ ತಪ್ಪದೆ ನಡೆಯುವಂಥದು. ನನ್ನ ಕುರ್ಚಿಯ ಬೆತ್ತ ಎರಡು ಸಲ ಹರಿದು ಎರಡು ಸಲವೂ ಹೊಸದಾಗಿ ಹೆಣೆಸಿಕೊಂಡಿದೆ. ಇಷ್ಟು ಅನುಭವವಿರುವವನು ಮನೆಗೆ ಒಂದು ಸೋಫಾ ಆರಿಸಲಾರನೇ? ಆರಿಸಲಾರ. ಇದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ನಮ್ಮ ಮನೆಯವರೆಲ್ಲ ಇದನ್ನು ನನಗಿಂತ ಮೊದಲೇ ಒಪ್ಪಿಕೊಂಡಾಗಿದೆ.

ಸೋಫಾದ ಆಸೆ ನನಗೆ ಹತ್ತಿದ್ದು ಸಾಹೇಬರ ಬಂಗಲೆಯಲ್ಲಿ. ಒಂದು ದಿನ ತುರ್ತು ಕಾಗದಗಳಿಗೆ ಸಹಿ ಮಾಡಿಸಲು ಅಲ್ಲಿಗೆ ಹೋಗಿದ್ದೆ. ಸಾಹೇಬರು ಹಸಿರು ಮಖಮಲ್ಲಿನ ಒಂದು ಸೋಫಾದಲ್ಲಿ ಎಷ್ಟು ಆಳಕ್ಕೆ ಮುಳುಗಿದ್ದರೆಂದರೆ, ನನಗೆ ಮೊದಲು ಕಂಡದ್ದು ಚುಟ್ಟಾದ ಹೊಗೆ, ಆಮೇಲೆ ಮೀಸೆ, ಆಮೇಲೆ ಸಾಹೇಬರು. ದೊಡ್ಡಸ್ತಿಕೆ ಅಂದರೆ ಇದು ಎನ್ನಿಸಿತು. ಆ ಹೊತ್ತಿನಿಂದ ನನ್ನ ಕಣ್ಣ ಮುಂದೆ ಒಂದೇ ಚಿತ್ರ. ಶನಿವಾರ ಪೇಟೆಯ ವಾಡೆಯ ಮಾಳಿಗೆಯ ಮೇಲಿನ ನಮ್ಮ ಹೊರಕೋಣೆ, ಅದರಲ್ಲಿ ಹಸಿರು ಮಖಮಲ್ಲಿನ ಸೋಫಾ, ಅದರಲ್ಲಿ ಮೀಸೆಯ ಮಟ್ಟಕ್ಕೆ ಮುಳುಗಿದ ನಾನು. ನನಗೆ ಮೀಸೆ ಇಲ್ಲ ಎಂಬುದು ಚಿತ್ರಕ್ಕೆ ಅಡ್ಡಿಯಾಗಲಿಲ್ಲ.

ಆಗ ನಮ್ಮ ಹೊರಕೋಣೆಯಲ್ಲಿ ಇದ್ದದ್ದು ಒಂದು ಜಮಖಾನೆ, ಒರಗಲು ಎರಡು ಲೋಡು, ಒಂದು ಮಡಚುವ ಕಬ್ಬಿಣದ ಕುರ್ಚಿ. ಸಂಜೆಯಾದರೆ ಕೆಳಗಿನ ಮನೆಯ ಜೋಶಿಯವರು, ಓಣಿಯ ಇನ್ನೂ ಒಬ್ಬಿಬ್ಬರು ಬಂದು ಜಮಖಾನೆಯ ಮೇಲೆ ಕೂತು ಪತ್ರಿಕೆ ಓದಿ ಜಗಳಾಡುವುದು ವಾಡಿಕೆ. ಆ ಜಗಳದ ಯಜಮಾನಿಕೆ ನಮ್ಮ ಅಪ್ಪನದು. ಅಪ್ಪ ಧಾರವಾಡದ ಸಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ, ನಿವೃತ್ತರಾಗಿ, ನಮ್ಮ ಜೊತೆ ಇರಲು ಪುಣೆಗೆ ಬಂದವರು. ಬಂದ ಎರಡನೆಯ ವರ್ಷ ಅವರ ಮೊಣಕಾಲು ಹಿಡಿಯಿತು. ನೆಲದ ಮೇಲೆ ಕೂತರೆ ಏಳಲು ಇಬ್ಬರು ಬೇಕು. ಬಂದವರ ಎದುರಿಗೆ ಹಾಗೆ ಎತ್ತಿಸಿಕೊಳ್ಳುವುದು ಅವರಿಗೆ ಒಗ್ಗಲಿಲ್ಲ. ಕಬ್ಬಿಣದ ಕುರ್ಚಿ ಬಿಡಿಸಿ ಇಟ್ಟರೆ, "ಮೂವತ್ತು ವರ್ಷ ಕುರ್ಚಿ ಮ್ಯಾಲೆ ಕೂತು ಹುಡುಗರನ್ನ ಹೆದರಿಸೀನಿ. ಎಲ್ಲಾರೂ ಕೆಳಗ ಕೂತಾಗ ನಾ ಒಬ್ಬಾವ ಮ್ಯಾಲೆ ಕೂತ್ರ, ಜೋಶಿಯವರು ಕೈ ಕಟ್ಟಿ ಮಗ್ಗಿ ಹೇಳ್ಯಾರು," ಎಂದು ಅದನ್ನು ಮಡಚಿಸಿದರು. ಮೆಲ್ಲಗೆ ಒಳಕೋಣೆಯ ಮಂಚ ಹಿಡಿದರು. ಹೊರಗೆ ಯಾರಾದರೂ ತಪ್ಪು ಮಾತಾಡಿದರೆ ಒಳಗಿನಿಂದ ತಿದ್ದುಪಡಿ ಬರುತ್ತಿತ್ತು. ಕೆಲವು ದಿನಗಳಾದ ಮೇಲೆ ಅದೂ ನಿಂತಿತು. ನಾನು ಏನೆಂದುಕೊಂಡೆ? ಅಪ್ಪನಿಗೆ ವಯಸ್ಸಾಯಿತು, ಶಾಂತಿ ಬೇಕಾಗಿದೆ ಎಂದುಕೊಂಡು ನನ್ನ ಹಸಿರು ಮಖಮಲ್ಲಿನ ಚಿಂತೆಗೆ ಮರಳಿದೆ.

ಸೋಫಾದ ಮಾತನ್ನು ನನ್ನ ಹೆಂಡತಿ ಗೋದಾವರಿಯ ಮುಂದೆ ಎತ್ತುವಾಗ ದೊಡ್ಡ ವಾದಕ್ಕೆ ತಯಾರಾಗಿಯೇ ಹೋಗಿದ್ದೆ. ಆಕೆ ಒಲೆಯ ಮುಂದಿನಿಂದ ತಲೆ ಎತ್ತಿ, "ಹೂಂ, ತರೋಣ್ರಿ. ನಾನೂ ಬರ್ತೀನಿ," ಎಂದುಬಿಟ್ಟಳು. ತಯಾರಿ ಮಾಡಿಕೊಂಡ ವಾದವೆಲ್ಲ ದಂಡ. ಭಾನುವಾರ ಟಾಂಗಾ ಮಾಡಿಕೊಂಡು ದಂಡಿನ ಪೇಟೆಯಾದ ಕ್ಯಾಂಪಿಗೆ ಹೋದೆವು. ಅಲ್ಲಿಯ ಒಂದು ದೊಡ್ಡ ಅಂಗಡಿಯಲ್ಲಿ, ಗಾಜಿನ ಹಿಂದೆ, ಸಾಹೇಬರ ಸೋಫಾದ ಒಡಹುಟ್ಟಿದ್ದೇ ಇತ್ತು. ಅದೇ ಹಸಿರು, ಅದೇ ಉಬ್ಬು. ಅಂಗಡಿಯವನು "ಬಸಾ ಸಾಹೇಬ, ಬಸಾ," ಎಂದ. ನನ್ನನ್ನು ಸಾಹೇಬ ಎಂದು ಕರೆದ ಮೇಲೆ ನಿಂತಿರುವುದು ಹೇಗೆ? ಕೂತೆ. ಸೋಫಾ ನನ್ನನ್ನು ಒಂದು ತುತ್ತಿಗೆ ನುಂಗಿತು. ಮೊಣಕಾಲು ಗದ್ದಕ್ಕೆ ಬಂದವು, ಟೊಪ್ಪಿಗೆ ಹಿಂದಕ್ಕೆ ಬಿತ್ತು. ಆಹಾ ಎಂದೆ.

ಗೋದಾವರಿ ಕೂಡಲಿಲ್ಲ. ಮುಷ್ಟಿಯಿಂದ ಗಾದಿಯನ್ನು ಒತ್ತಿ, ಕೈ ತೆಗೆದು, ತಗ್ಗು ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ನೋಡಿದಳು. ತೋಳನ್ನು ಹಿಡಿದು ಅಲುಗಾಡಿಸಿದಳು. ಬಗ್ಗಿ ಕೆಳಗೆ ಇಣುಕಿದಳು. ಕಾಯಿಪಲ್ಲೆಯ ಮಂಡಿಯಲ್ಲಿ ಬದನೆಕಾಯಿ ಆರಿಸುವಾಗಿನ ಮುಖ ಅದು. ಆಮೇಲೆ ನನ್ನ ಕಡೆ ತಿರುಗಿ, "ಈಗ ಕೈ ಊರದ ಏಳ್ರಿ, ನೋಡೂಣು," ಅಂದಳು.

ಎದ್ದೆ ಎಂದುಕೊಂಡೆ. ಎದ್ದಿರಲಿಲ್ಲ. ಇನ್ನೊಮ್ಮೆ ಮುಂದಕ್ಕೆ ತೂಗಿ ನೋಡಿದೆ. ಸೋಫಾ ಎಳೆದು ಕೂಡಿಸಿತು. ಮೂರನೆಯ ಸಲ ಅಂಗಡಿಯವನೇ ಮರ್ಯಾದೆಯಿಂದ ಕೈ ನೀಡಿದ. "ಇದು ಬ್ಯಾಡ್ರಿ," ಎಂದು ಗೋದಾವರಿ ಹೊರಗೆ ನಡೆದಳು. ನಾನು ಟೊಪ್ಪಿಗೆ ಹುಡುಕಿಕೊಂಡು ಹಿಂದೆ ಓಡಿದೆ. ನನ್ನನ್ನು ನಗೆಪಾಟಲು ಮಾಡಲೆಂದೇ ಆಕೆ ಹಾಗೆ ಹೇಳಿದಳೆಂದು ಸಿಟ್ಟು ಬಂದಿತ್ತು. ರಸ್ತೆಯಲ್ಲೇ ವಾದ ಶುರು ಮಾಡಿದೆ.

"ಯಾ ಊರಿನವರ್ರೀ? ಕನ್ನಡದಾಗ ಜಗಳಾ ಕೇಳಿ ಭಾಳ ದಿನಾ ಆಗಿತ್ತು," ಎಂದು ಪಕ್ಕದ ಸಂದಿಯಿಂದ ಯಾರೋ ಕೂಗಿದರು. ನೋಡಿದರೆ ಒಂದು ಚಿಕ್ಕ ಕಾರಖಾನೆ. ಬಾಗಿಲಲ್ಲಿ ಕೊರಳಿಗೆ ಟೇಪು ಹಾಕಿಕೊಂಡ, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡ ತೆಳ್ಳನೆಯ ಮುದುಕ. ಹೆಸರು ಗಫೂರ ಮಿಸ್ತ್ರಿ, ಊರು ವಿಜಾಪುರ, ಕಸುಬು ಸೋಫಾ ಮಾಡುವುದು, ಅದಕ್ಕಿಂತ ಹೆಚ್ಚಾಗಿ ಬೇರೆಯವರು ಮಾಡಿದ್ದನ್ನು ರಿಪೇರಿ ಮಾಡುವುದು. ಎರಡು ನಿಮಿಷದಲ್ಲಿ ನಮ್ಮ ವೃತ್ತಾಂತ ಕೇಳಿಕೊಂಡು, "ಆ ಹಸರ ಸೋಫಾದ ಮ್ಯಾಲೆ ಕುಂತು ಬಂದ್ರೇನು? ಅದರ ಅಣ್ಣನ ಹೊಟ್ಟಿ ಇಲ್ಲಿ ಬಿಚ್ಚೇನಿ, ನೋಡ್ರಿ," ಎಂದು ಒಳಗೆ ಕರೆದ. ಹಸಿರು ಮಖಮಲ್ಲಿನ ಕೆಳಗೆ ಹುಲ್ಲು, ಹರಕು ಗೋಣಿ, ಒಂದು ಹಳೆಯ ಕಾಲುಚೀಲವೂ ಇತ್ತು. ನನ್ನ ದೊಡ್ಡಸ್ತಿಕೆಯ ಒಳಭಾಗವನ್ನು ನಾನು ನೋಡಿದ್ದು ಅದೇ ಮೊದಲು.

"ಸೋಫಾ ಅಂದ್ರ ಅಂಗಿ ಇದ್ದಂಗರೀ," ಅಂದ ಮಿಸ್ತ್ರಿ. "ತೊಡಾವರನ್ನ ನೋಡದ ಹೊಲದ್ರ ಎಲ್ಲಾರಿಗೂ ಬರ್ತೈತಿ, ಯಾರಿಗೂ ಒಪ್ಪೂದಿಲ್ಲ. ನಿಮ್ಮ ಮನ್ಯಾಗ ದಿನಾ ಇದರ ಮ್ಯಾಲೆ ಕೂಡಾವರು ಯಾರು, ಅದನ್ನ ಹೇಳ್ರಿ ಮೊದಲ."

ನಾನು ಎದೆಯ ಮೇಲೆ ಕೈಯಿಡುವಷ್ಟರಲ್ಲಿ ಗೋದಾವರಿ, "ನಮ್ಮ ಮಾವನವರು," ಅಂದಳು. "ಮೊಣಕಾಲು ನೋವದ. ಕೂತ್ರ ತಾವ ಏಳಬೇಕು, ಯಾರೂ ಕೈ ಹಿಡೀಬಾರದು. ಮತ್ತ ಬಾಜೂಕ ಇನ್ನಿಬ್ಬರು ಕೂಡೂವಷ್ಟು ಜಾಗಾ ಇರಬೇಕು. ತಾವೊಬ್ಬರೇ ಮ್ಯಾಲೆ ಕೂಡೂದಂದ್ರ ಅವರು ಒಲ್ಲೆ ಅಂತಾರ." ಆಮೇಲೆ ನನ್ನ ಕಡೆ ನೋಡದೆ, ಮೆಲ್ಲಗೆ, "ಐದು ತಿಂಗಳಾತು, ಅವರು ಹೊರಗ ಬಂದು ಕೂತಿಲ್ಲ," ಎಂದಳು.

ಐದು ತಿಂಗಳು ಒಂದೇ ಮನೆಯಲ್ಲಿ ಇದ್ದೂ ನಾನು ಕಾಣದ್ದನ್ನು ಆಕೆ ಕಂಡಿದ್ದಳು. ಕಂಡು, ಅದಕ್ಕೊಂದು ಉಪಾಯ ಹೊಂಚುತ್ತ, ನನ್ನ ಬಾಯಿಂದಲೇ ಸೋಫಾದ ಮಾತು ಬರಲಿ ಎಂದು ಕಾದಿದ್ದಳು. ಕೈ ಊರದೆ ಏಳಿ ಎಂದದ್ದು ನನ್ನ ಪರೀಕ್ಷೆಗಲ್ಲ, ಸೋಫಾದ ಪರೀಕ್ಷೆಗೆ. ನಾನು ಗಂಟಲು ಸರಿ ಮಾಡಿಕೊಂಡು, "ಹೌದು, ಅಪ್ಪಗ," ಎಂದೆ, ಮೊದಲಿಂದ ನನಗೂ ಅದೇ ಇತ್ತೆಂಬಂತೆ.

ಮುಂದಿನ ಭಾನುವಾರ ಮಿಸ್ತ್ರಿ ಅಳತೆಗೆ ಮನೆಗೆ ಬಂದ. ಮೊದಲು ಜಿನೆಯ ಮೆಟ್ಟಿಲು, ತಿರುವು, ಬಾಗಿಲು ಅಳೆದ. ಆಮೇಲೆ ಒಳಕೋಣೆಗೆ ಹೋಗಿ ಅಪ್ಪನ ಮುಂದೆ ಟೇಪು ಬಿಚ್ಚಿದ. ಅಪ್ಪ, "ಯಾಕಪಾ, ನಾ ಏನು ಕೋಟು ಹೊಲಸ್ಲಿಕ್ಕೆ ಹೇಳಿಲ್ಲ," ಎಂದು ಗೋಡೆಯ ಕಡೆ ಮುಖ ತಿರುಗಿಸಿದರು. ಗೋದಾವರಿಯ ಮುಖ ಸಣ್ಣದಾಯಿತು. ಅಪ್ಪ ಒಲ್ಲೆ ಎಂದರೆ ಮುಗಿಯಿತು. ಅವರ ಒಲ್ಲೆಯನ್ನು ಸಾಲೆಯ ಇನ್‌ಸ್ಪೆಕ್ಟರುಗಳೂ ದಾಟಿದ್ದಿಲ್ಲ. ಮಿಸ್ತ್ರಿ ಮಾತ್ರ ಅವಸರ ಮಾಡಲಿಲ್ಲ. ಮಂಚದ ಅಂಚಿನಿಂದ ಇಳಿಬಿಟ್ಟ ಅಪ್ಪನ ಕಾಲಿಗೆ, ಮೊಣಕಾಲಿನಿಂದ ಹಿಮ್ಮಡಿಯವರೆಗೆ, ಮುಟ್ಟಿಯೂ ಮುಟ್ಟದ ಹಾಗೆ ಟೇಪು ಹಿಡಿದು, "ಹದಿನಾರೂವರಿ," ಎಂದು ತನ್ನಷ್ಟಕ್ಕೆ ಗೊಣಗಿದ.

"ಹದಿನೇಳು," ಎಂದರು ಅಪ್ಪ, ಗೋಡೆಗೆ.

"ಟೇಪು ಹದಿನಾರೂವರಿ ಅಂತೈತ್ರೀ."

"ಕಾಲು ಸೊಟ್ಟ ಇಟ್ಟೀನಿ, ಟೇಪು ನೆಟ್ಟಗ ಹಿಡದೀ. ತಪ್ಪು ಬಾರದ ಏನು ಬರ್ತದ?" ಎಂದು ಅಪ್ಪ ಈ ಕಡೆ ತಿರುಗಿ ಕಾಲು ನೆಟ್ಟಗೆ ಇಟ್ಟರು. ಹದಿನೇಳೇ ಬಂತು. ಮಿಸ್ತ್ರಿ ತಪ್ಪಾಯಿತೆಂದು ಕಿವಿ ಹಿಡಿದುಕೊಂಡ. ಅಲ್ಲಿಂದ ಮುಂದೆ ನಮ್ಮ ಯಾರ ಅವಶ್ಯಕತೆಯೂ ಇಬ್ಬರಿಗೂ ಇರಲಿಲ್ಲ. ಬೆನ್ನು ಎಷ್ಟು ವಾಲಬೇಕು, ಮುಂದಿನ ಅಂಚು ಎಷ್ಟು ಬಿಗಿ ಇರಬೇಕು, ಏಳುವಾಗ ಅಂಗೈಗೆ ತೋಳು ಎಲ್ಲಿ ಸಿಗಬೇಕು ಎಂದು ಅಪ್ಪ ತಮ್ಮ ಹಳೆಯ ಪಾಟಿಯ ಮೇಲೆ ಬಳಪದಿಂದ ಕೋನ ಬರೆದು ತೋರಿಸಿದರು. ಮಿಸ್ತ್ರಿ ನಲವತ್ತು ವರ್ಷ ಪಳಗಿದ ತನ್ನ ಕೈಯನ್ನು ಗಾಳಿಯಲ್ಲಿ ಆಡಿಸಿ ಉತ್ತರ ಹೇಳಿದ. ಒಬ್ಬರಿಗೆ ಲೆಕ್ಕ ಗೊತ್ತು, ಇನ್ನೊಬ್ಬರಿಗೆ ಕಟ್ಟಿಗೆ ಗೊತ್ತು. ಎರಡು ಸಲ ಚಹಾ ಆಯಿತು. ಬಟ್ಟೆಯ ಮಾತು ಬಂದಾಗ ನಾನು ಬಾಗಿಲಲ್ಲಿ ನಿಂತು "ಹಸರು ಮಖಮಲ್ಲು" ಎಂದೆ. "ಒಗೀಲಿಕ್ಕೆ ಬರೂದಿಲ್ಲ," ಎಂದಳು ಗೋದಾವರಿ. "ಬೆವರು ಬರ್ತದ," ಎಂದರು ಅಪ್ಪ. "ಧೂಳ ಹಿಡೀತೈತಿ," ಎಂದ ಮಿಸ್ತ್ರಿ. ಕಂದು ಬಣ್ಣದ ದಪ್ಪ ಕೈಮಗ್ಗದ ಬಟ್ಟೆ, ಗುಂಡಿ ಬಿಚ್ಚಿ ಒಗೆಯಲು ಬರುವಂಥ ಹೊಲಿಗೆ ಎಂದು ತೀರ್ಮಾನವಾಯಿತು.

ಮೂರು ವಾರದ ಮೇಲೆ ಸೋಫಾ ಬಂತು. ನಮ್ಮ ವಾಡೆಯ ಜಿನೆಯಲ್ಲಿ ದಪ್ಪ ಮನುಷ್ಯರು ಓರೆಯಾಗಿ ಹತ್ತಬೇಕು. ಇವತ್ತು ಒಂದು ಗಲಾಟೆ ಖಂಡಿತ ಎಂದು ಓಣಿಯ ಮಂದಿಯೆಲ್ಲ ಸಲಹೆ ಕೊಡಲು ಸೇರಿತ್ತು, ನಾನೂ ಧೋತರ ಮೇಲೆತ್ತಿ ಕಟ್ಟಿ ನಿಂತಿದ್ದೆ. ಮಿಸ್ತ್ರಿ ಎರಡು ಬೋಲ್ಟು ಬಿಚ್ಚಿ ಸೋಫಾವನ್ನು ಎರಡು ಭಾಗ ಮಾಡಿ, ಗೋಡೆಗೆ ಒಂದು ಗೀರು ಬೀಳದಂತೆ ಮೇಲೆ ಒಯ್ದು, ಮತ್ತೆ ಕೂಡಿಸಿ, ಕೈ ಒರೆಸಿಕೊಂಡ. ಸಲಹೆಗಳು ಹಾಗೇ ಉಳಿದವು.

ಸೋಫಾವನ್ನು ನೋಡಿದಾಗ ನನ್ನ ಹಸಿರು ಚಿತ್ರ ಆ ಕ್ಷಣವೇ ಅಳಿಸಿಹೋಯಿತು. ಉಬ್ಬಿಲ್ಲ, ಜೋಲಿಲ್ಲ. ಖಡಕಿಯ ಮೈದಾನದಲ್ಲಿ ಪರೇಡಿಗೆ ನಿಂತ ಸಿಪಾಯಿಯ ಹಾಗೆ ಬೆನ್ನು ನೆಟ್ಟಗೆ, ತೋಳು ಬಿಗಿ, ಮೂಲೆಗಳು ಇಸ್ತ್ರಿ ಮಾಡಿದ ಹಾಗೆ. ಹೊಲಿಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದ ಗೆರೆ. ಅಷ್ಟು ಶಿಸ್ತಿನದು ಕೂಡಲು ಗಡುಸಾಗಿರಬಹುದು ಎಂದು ಕೂತು ನೋಡಿದರೆ ಗಡುಸಲ್ಲ. ಒಳ್ಳೆಯ ನೆರೆಯವರ ಹಾಗೆ, ಬೇಕಾದಷ್ಟೇ ತಗ್ಗಿ ಅಲ್ಲಿಗೇ ನಿಲ್ಲುತ್ತದೆ. ಒಳಗೆ ಏನು ತುಂಬಿದ್ದಾನೆ ಎಂದು ಕೇಳಿದೆ. "ಬೇಕಾದ್ರ ಹತ್ತು ವರ್ಷದ ಮ್ಯಾಲೆ ಬಿಚ್ಚಿ ನೋಡ್ರಿ," ಅಂದ ಮಿಸ್ತ್ರಿ.

ಸಂಜೆ ಅಪ್ಪ ಒಳಕೋಣೆಯ ಬಾಗಿಲಿಗೆ ಬಂದರು. ಗೋಡೆ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆದು ಕೂತರು. ನಾವು ಯಾರೂ ನೋಡುತ್ತಿಲ್ಲ ಎಂಬಂತೆ ನಿಂತು ನೋಡುತ್ತಿದ್ದೆವು. ತೋಳಿನ ಮೇಲೆ ಅಂಗೈ ಇಟ್ಟು, ಸ್ವಲ್ಪ ಮುಂದೆ ಬಾಗಿ, ಎದ್ದರು. ಕೂತರು. ಮತ್ತೆ ಎದ್ದರು. ಉತ್ತರ ಸರಿ ಬಂದ ಲೆಕ್ಕವನ್ನು ತಾಳೆ ನೋಡುವವರ ಹಾಗೆ ಮೂರನೆಯ ಸಲವೂ ಎದ್ದು ಕೂತು, "ಗೋದೂ, ಇನ್ನ ಮ್ಯಾಲೆ ನನ್ನ ಚಹಾ ಇಲ್ಲೇ ತಾರವಾ," ಎಂದರು. ಗೋದಾವರಿ ಆಗಲೇ ಚಹಾಕ್ಕೆ ನೀರಿಡಲು ಅಡಿಗೆಮನೆಗೆ ಹೋದಳು. ಅರ್ಧ ತಾಸಿನಲ್ಲಿ ಜೋಶಿಯವರು ಅಪ್ಪನ ಪಕ್ಕಕ್ಕೆ ಕೂತು ಮರಾಠಿಯಲ್ಲಿ ಕೂಗುತ್ತಿದ್ದರು, ಅಪ್ಪ ಧಾರವಾಡದ ಮರಾಠಿಯಲ್ಲಿ ಅವರನ್ನು ತಿದ್ದುತ್ತಿದ್ದರು.

ಇಷ್ಟು ಒಳ್ಳೆಯ ವಸ್ತು ಮನೆಗೆ ಬಂದ ಮೇಲೆ ಕಚೇರಿಯಲ್ಲಿ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಗಾದಿ ಎಷ್ಟು ತಗ್ಗಬೇಕು, ಬೆನ್ನು ಎಷ್ಟು ವಾಲಬೇಕು ಎಂದು ಊಟದ ಬಿಡುವಿನಲ್ಲಿ ಒಂದು ವಾರ ಉಪನ್ಯಾಸ ಮಾಡಿದೆ. ನಾನು ಆರಿಸಿದೆ ಎಂದು ಎಲ್ಲಿಯೂ ಹೇಳಲಿಲ್ಲ; ಆರಿಸಲಿಲ್ಲ ಎಂದೂ ಹೇಳಲಿಲ್ಲ. ಫಲವಾಗಿ ನಮ್ಮ ಹೆಡ್‌ಕ್ಲಾರ್ಕು, ಬೆಳಗಾವಿಯ ಕುಲಕರ್ಣಿಯವರು, ತಮಗೂ ಒಂದು ಸೋಫಾ ಬೇಕೆಂದು ನನ್ನ ಸಲಹೆ ಕೇಳಲು ಮನೆಗೇ ಬಂದರು. ಅಪ್ಪನ ಪಕ್ಕ ಕೂತರು, ಎದ್ದರು, ತೋಳು ಸವರಿದರು. "ಭಾಳ ಛಂದ ಅದರೀ," ಎಂದು ನನ್ನ ಕಡೆ ನೋಡಿ, "ಆರಿಸಿದ್ದು ಯಾರು?" ಎಂದರು.

ಗೋದಾವರಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ಅಪ್ಪ ಪತ್ರಿಕೆ ಕೆಳಗಿಳಿಸಿದರು. ಎಂದಿನಂತೆ ಬಂದು ಕೂತಿದ್ದ, ಕನ್ನಡ ತಿಳಿಯದ ಜೋಶಿಯವರೂ ನನ್ನನ್ನೇ ನೋಡಿದರು.

"ನಮ್ಮ ಮನಿಯವರು," ಎಂದೆ. "ನಾ ಹಸರು ಮಖಮಲ್ಲಿಂದು ಬೇಕಂತ ಹಟಾ ಮಾಡಿದ್ದೆ."

ಕುಲಕರ್ಣಿಯವರು ನಕ್ಕುಬಿಟ್ಟರು. "ಹೋಗ್ಲಿ ಬಿಡ್ರಿ, ಸೋಫಾ ಆರಿಸ್ಲಿಕ್ಕೆ ಬರದಿದ್ರೂ ಹೆಂಡ್ತಿನ್ನ ಛಲೋ ಆರಿಸೀರಿ." ನಾನು ಸ್ವಲ್ಪ ಉಬ್ಬಿದೆ.

"ಅದೂ ಅವಂದಲ್ರೀ," ಎಂದರು ಅಪ್ಪ. "ಸವದತ್ತಿಗೆ ಹೋಗಿ ಆಕಿನ್ನ ನೋಡಿ ಹೂಂ ಅಂದು ಬಂದಾವ ನಾನು. ಇವಂಗ ಅವತ್ತ ಪರೀಕ್ಷಾ ಇತ್ತು."

ಗೋದಾವರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಕೋಣೆಯ ಸುತ್ತ ಕಣ್ಣಾಡಿಸಿದೆ. ಈ ಮನೆಯಲ್ಲಿ ನಾನೇ ಆರಿಸಿದ್ದು ಒಂದಾದರೂ ಇರಬೇಕಲ್ಲ? ಮೂಲೆಯಲ್ಲಿ ನನ್ನ ಕೊಡೆ ಕಂಡಿತು. ಅದನ್ನಂತೂ ನಾನೇ, ಒಬ್ಬನೇ, ಅಂಗಡಿಗೆ ಹೋಗಿ ಆರಿಸಿ ತಂದದ್ದು. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕುಲಕರ್ಣಿಯವರು ಹೊರಡಲು ಎದ್ದು, ಮೂಲೆಗೆ ಹೋಗಿ, ಅದರ ಹಿಡಿಕೆಯನ್ನು ತಿರುಗಿಸಿ ನೋಡಿದರು.

"ಅರೇ, ಇದು ನನ್ನ ಕೊಡಿ ಅಲ್ಲೇನ್ರಿ? ಹ್ವಾದ ಮಳಿಗಾಲದಾಗ ಆಫೀಸಿನ್ಯಾಗ ಅದಲಬದಲ ಆಗಿತ್ತು," ಎಂದು ಕಂಕುಳಲ್ಲಿ ಇಟ್ಟುಕೊಂಡು ಜಿನೆ ಇಳಿದರು.