ಚಾದರದ ಅಲೆ

ವಿನೋದಿನಿ: ಇಸ್ತ್ರಿ ಹಲಗೆಯಿಂದ ಇಳೀರಿ ಮಾರಾಯ್ರೆ! ಕಾಲು ಮುರಿದ್ರೆ ಸೀರೆಗೆ ಎಲ್ಲಿ ಇಸ್ತ್ರಿ ಮಾಡುವುದು ನಾನು?

ನಾನು: ಕಾಲು ಅಂದ್ರೆ ನಂದಾ, ಹಲಗೆದಾ?

ವಿನೋದಿನಿ: ಹಲಗೆದು. ನಿಮ್ಮದು ಮುರಿದ್ರೆ ಪ್ಲಾಸ್ಟರ್ ಹಾಕಿಸಬಹುದು.

ಚೆಂಬೂರಿನ ನಮ್ಮ ಮನೆಯ ಹಾಲ್‌ನಲ್ಲಿ, ಹೆಂಡತಿ ವಿನೋದಿನಿಯ ಕಣ್ಣೆದುರೇ, ಕಾಲು ಮಡಚಿ ನೆಲಕ್ಕೆ ಹಾಕಿದ ಇಸ್ತ್ರಿ ಹಲಗೆಯ ಮೇಲೆ ನಾನು, ಅಂದರೆ ಹೋಟೆಲ್ ಮ್ಯಾನೇಜರ್ ದೂಜ ಪೂಜಾರಿ, ಬೋರಲು ಮಲಗಿದ್ದೆ. ಹೊಟ್ಟೆ ಎರಡೂ ಬದಿಗೆ ಇಳಿದಿತ್ತು. ಎಲ್ಲ ನನ್ನ ಬಾಯಿಯ ತಪ್ಪು. ಮಗಳು ಪ್ರಣೀತಾ ಸರ್ಫಿಂಗ್ ಕಲಿಯಲು ಮೂಲ್ಕಿಗೆ ಹೋದವಳು ಕಲಿಸಿದ ತಿಲಕ್‌ನನ್ನೇ ಮೆಚ್ಚಿದಳು. ಅವರ ಮನೆಗೆ ಮಾತುಕತೆಗೆ ಹೋದಾಗ, ಕೋರಿರೊಟ್ಟಿ ತಿಂದ ಹುರುಪಿನಲ್ಲಿ, 'ನಾವೆಲ್ಲ ಚಿಕ್ಕಂದಿನಲ್ಲಿ ಬಾಳೆದಿಂಡಿನ ಮೇಲೇ ಅಲೆ ಸವಾರಿ ಮಾಡಿದವರು' ಎಂದುಬಿಟ್ಟೆ. ನಿಜ ಹೇಳಬೇಕೆಂದರೆ ಜುಹೂ ಕಡಲಿನಲ್ಲಿ ನಾನು ಮೊಣಕಾಲಿನಿಂದ ಮೇಲೆ ಒದ್ದೆಯಾದವನಲ್ಲ. ಈ ಭಾನುವಾರ ಮೂಲ್ಕಿಯಲ್ಲೇ ನಿಶ್ಚಿತಾರ್ಥ. 'ಬೋರ್ಡ್ ರೆಡಿ' ಎಂದು ತಿಲಕ್‌ನ ಮೆಸೇಜ್ ಬೇರೆ ಬಂದಿದೆ. ಅದಕ್ಕೇ ಈ ಅಭ್ಯಾಸ.

ಪ್ರಣೀತಾ: ಪಪ್ಪಾ, ಫೋಕಸ್! ಈಗ ಕ್ಲೋಸ್‌ಔಟ್. ನಾನು, ಮಮ್ಮಿ ಚಾದರ ಹಿಡೀತೇವೆ. ಅದೇ ಅಲೆ.

ನಾನು: ಬರಲಿ. ನಾನು ಬದಿಗೆ ಜಾರಿ ಹೋಗ್ತೇನೆ.

ಪ್ರಣೀತಾ: ಬದಿ ಇದ್ರೆ ತಾನೇ! ಒಳ್ಳೆ ಅಲೆ ಒಂದು ಕಡೆಯಿಂದ ಮುರೀತಾ ಬರ್ತದೆ. ಇದು ಇಡೀ ಉದ್ದಕ್ಕೂ ಏಕ್‌ದಮ್ ಬೀಳ್ತದೆ. ನಿಮ್ಮ ಹೋಟೆಲಿನ ಶಟರ್ ಥರ.

ನಾನು: ಶಟರ್ ಅರ್ಧ ಎಳೆದಾಗಲೂ ನುಸುಳಿ ಬರುವ ಗಿರಾಕಿ ಇರ್ತಾರೆ.

ಪ್ರಣೀತಾ: ಇಲ್ಲಿ ನುಸುಳಿದ್ರೆ ಮೂಗು ಮರಳಲ್ಲಿ. ಬೀಳ್ತದೆ ಅಂತ ಗೊತ್ತಾದ ಕೂಡಲೇ ಬೋರ್ಡ್ ತಿರುಗಿಸಿ, ಅಲೆಯ ನೆತ್ತಿ ದಾಟಿ ಹಿಂದೆ ಇಳಿದುಬಿಡ್ಬೇಕು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಲಾಲಚ್ ಮಾಡ್ಬಾರ್ದು.

ವಿನೋದಿನಿ: ಅದು ಇವರಿಂದ ಆಗುವುದಿಲ್ಲ. ಮದುವೆಯಲ್ಲಿ ಐಸ್‌ಕ್ರೀಮ್ ಮುಗಿಯುವ ಮೊದಲು ಎದ್ದು ಬಂದವರಾ ಇವರು?

ನಾನು: ತಡವಾದ್ರೆ ಎಂತ ಮಾಡುವುದು?

ಪ್ರಣೀತಾ: ಬೋರ್ಡಿನ ಹಿಂದಕ್ಕೆ ಬೀಳಿ, ಚಪ್ಪಟೆಯಾಗಿ. ತಲೆ ಕೆಳಗೆ ಮಾಡಿ ಡೈವ್ ಬಿಲ್ಕುಲ್ ಇಲ್ಲ, ಅಲ್ಲಿ ನೀರು ಕಮ್ಮಿ. ಎರಡೂ ಕೈಯಿಂದ ತಲೆ ಮುಚ್ಚಿಕೊಂಡು, ಅಲೆ ದಾಟುವವರೆಗೆ ಸುಮ್ಮನಿರಿ. ಏಳುವಾಗ ಮೊದಲು ಕೈ, ಆಮೇಲೆ ತಲೆ. ಇಲ್ಲಾಂದ್ರೆ ನಿಮ್ಮ ಬೋರ್ಡೇ ನಿಮಗೆ ಹೊಡೀತದೆ.

ವಿನೋದಿನಿ: ಸುಮ್ಮನಿರಿ, ಸುಮ್ಮನಿರಿ ಅಂತ ನಾನೂ ಮದುವೆ ಆದಾಗಿನಿಂದ ಹೇಳ್ತಿದ್ದೇನೆ. ಅದು ಸರ್ಫಿಂಗ್ ಅಂತ ಗೊತ್ತಿರಲಿಲ್ಲ.

ನಾನು: ನೀನು ಘಾಟ್‌ಕೋಪರಿನಲ್ಲಿ ಹುಟ್ಟಿದವಳು. ಬಕೆಟಿಗಿಂತ ಆಳದ ನೀರಿಗೆ ಇಳಿದವಳಲ್ಲ. ಚಾದರ ಹಿಡಿ!

ಸೊಲ್ಲಾಪುರದ ದಪ್ಪ ಚಾದರ ಧೊಪ್ಪೆಂದು ಬಿತ್ತು. ತಿರುಗಬೇಕೆಂದುಕೊಂಡೆ, ತಲೆ ತಿರುಗಿತು, ಹೊಟ್ಟೆ ಹಲಗೆಯ ಮೇಲೇ ಉಳಿಯಿತು. ಮೂಗು ಟೀಪಾಯಿಗೆ ಬಡಿಯಿತು. ಕೈ ಮೊದಲು ಎಂಬುದನ್ನು ಮರೆತು, ಹಲಗೆಯ ತುದಿ ಮೆಟ್ಟಿಕೊಂಡೇ ಎದ್ದೆ. ಅದೂ ನನ್ನ ಜೊತೆ ಎದ್ದು ಬಂದು ಹಣೆಗೆ ಫಟಾರನೆ ಹೊಡೆಯಿತು.

ಪ್ರಣೀತಾ: ಪಪ್ಪಾ, ಪ್ಲೀಸ್. ತಿಲಕ್‌ಗೆ ಸಚ್ ಹೇಳಿಬಿಡಿ.

ನಾನು: ಮತ್ತೆ ಮಾವನ ಮರ್ಯಾದೆ?

ಪ್ರಣೀತಾ: ನಿಮಗೇನಾದ್ರೂ ಆದ್ರೆ ನನಗೆ ನಿಶ್ಚಿತಾರ್ಥವೂ ಬೇಡ, ಎಂಥದೂ ಬೇಡ.

ಹುಡುಗಿಯ ಕಣ್ಣಲ್ಲಿ ನೀರು ಬಂತು. ಸುಳ್ಳು ತಲೆಯ ಮೇಲೆ ಬೀಳುವ ಮೊದಲೇ ಹಿಂದಕ್ಕೆ ಇಳಿದುಬಿಡೋಣ ಎಂದು ಧೈರ್ಯ ಮಾಡಿ, ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ.

ನಾನು: ತಿಲಕ್, ಒಂದು ವಿಷಯ ಉಂಟು. ನನಗೆ ಸರ್ಫಿಂಗ್ ಬಿಡು, ಈಜುವುದಕ್ಕೂ ಬರುವುದಿಲ್ಲ. ಬಾಳೆದಿಂಡನ್ನು ನಾನು ಪಲ್ಯದಲ್ಲಿ ಮಾತ್ರ ನೋಡಿದ್ದು.

ತಿಲಕ್: ಗೊತ್ತುಂಟು ಮಾವ! ಅತ್ತೆ ಅವತ್ತೇ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಹೇಳಿದ್ರಲ್ಲ.

ನಾನು ವಿನೋದಿನಿಯತ್ತ ತಿರುಗಿದೆ. ಈ ಸಲ ಹೊಟ್ಟೆಯೂ ತಿರುಗಿತು.

ನಾನು: ಅವತ್ತೇ ಹೇಳಿದ್ದೀಯಾ? ಮತ್ತೆ ನನ್ನನ್ನು ಚಾದರದಲ್ಲಿ ಬಡಿದದ್ದು ಯಾಕೆ?

ವಿನೋದಿನಿ: ನಿಮ್ಮನ್ನು ಬಡಿಯುವ ಚಾನ್ಸ್ ಮತ್ತೆ ಯಾವಾಗ ಸಿಗ್ತದೆ? ಆಯ್ತಲ್ಲ, ಫೋನ್ ಇಡಿ. ಇಡಿ ಅಂದೆ!

ತಿಲಕ್: ಇಡಬೇಡಿ ಮಾವ! ಬೋರ್ಡ್ ರೆಡಿ ಮಾಡಿದ್ದು ಅತ್ತೆಗೆ. 'ಅವರಿಗೆ ನೀರು ಅಂದ್ರೆ ಹೆದರಿಕೆ, ನಾನು ಕಾಲೇಜಲ್ಲಿ ಸ್ವಿಮ್ಮಿಂಗ್ ಚಾಂಪಿಯನ್' ಅಂದ್ರಲ್ಲ! ಅಜ್ಜಿ ಸಹಾ ನೋಡ್ಲಿಕ್ಕೆ ಬರ್ತಾರೆ.

ವಿನೋದಿನಿ ಫೋನ್ ಕಿತ್ತು ಕಟ್ ಮಾಡಿದಳು. ಚಾದರವನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಸೋಫಾದಲ್ಲಿ ಕುಸಿದಳು.

ಪ್ರಣೀತಾ: ಮಮ್ಮಿ! ನೀನೂ?

ವಿನೋದಿನಿ: ಇವರು ಹೊರಗೆ ಕೂತು ಅಷ್ಟು ದೊಡ್ಡ ಬುರುಡೆ ಬಿಡುವಾಗ ನಾನು ಒಳಗೆ ಸುಮ್ಮನೆ ಹೇಗೆ ಕೂರುವುದು? ಬಾಯಿತಪ್ಪಿ ಬಂತು. ರೀ, ಈಗ ತಪ್ಪಿಸಿಕೊಳ್ಳುವುದು ಹೇಗೆ?

ನಾನು ಹಣೆಯ ಬುಗುಟು ಸವರಿಕೊಳ್ಳುತ್ತ ಇಸ್ತ್ರಿ ಹಲಗೆಯನ್ನು ಅವಳ ಕಾಲ ಬುಡಕ್ಕೆ ಹಾಕಿದೆ.

ನಾನು: ತಡವಾಯ್ತು ಮಾರಾಯ್ತಿ. ಪ್ರಣೀತಾ, ಚಾದರದ ಆ ತುದಿ ಹಿಡಿ. ವಿನೋದಿನಿ, ನೀನು ತಲೆ ಮುಚ್ಚಿಕೊಂಡು ಸುಮ್ಮನಿರು!