ಅತ್ತೆ ಸಂಪಾದಿಸಿದ ಬಿರುದುಗಳು

ಎದುರು ಹಾಕಿಕೊಳ್ಳಲು ನಮ್ಮತ್ತೆಗೆ ಒಂದು ಸರ್ಕಾರ ಸಾಲದು. ಕೇಂದ್ರ, ರಾಜ್ಯ, ಪಂಚಾಯಿತಿ ಮೂರೂ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದುಹೋಗುತ್ತವೆ. ಸಾಯಂಕಾಲಕ್ಕೆ ಬೇರೆ ಯಾರಾದರೂ ಬೇಕು. ಈಕೆ ನಮ್ಮಪ್ಪನ ತಂಗಿ. ತಾಯಲೂರಿನ ಹತ್ತಿರದ ನಮ್ಮೂರಲ್ಲೇ ಹುಟ್ಟಿ, ನಮ್ಮೂರಿಗೇ ಸೊಸೆಯಾಗಿ, ಎರಡು ಬೀದಿ ಆಚೆ ಹಿಪ್ಪುನೇರಳೆ ಬೆಳೆದುಕೊಂಡಿದ್ದಾಳೆ. ಬೇರೆ ಊರಿಗೆ ಕೊಡಲು ತಾತನಿಗೆ ಧೈರ್ಯ ಬರಲಿಲ್ಲವಂತೆ. ಆ ಬೇರೆ ಊರಿನವರ ಪುಣ್ಯ ದೊಡ್ಡದು!

ಆಕೆಯ ಕಥೆ ಈಗ ಹೇಳಲು ಕಾರಣವಿದೆ. ನಮ್ಮೂರ ಹಬ್ಬದಲ್ಲಿ ಮನೆಗೊಂದು ತಂಬಿಟ್ಟಿನ ದೀಪವನ್ನು ಹೆಂಗಸರು ತಲೆಯ ಮೇಲೆ ಹೊತ್ತು ಗಂಗಮ್ಮನ ಗುಡಿಗೆ ಹೋಗುತ್ತಾರೆ. ಅಮ್ಮನಿಗೆ ಮಂಡಿನೋವು, ನಾನು ಒಬ್ಬಳೇ ಮಗಳು. ಹೀಗಾಗಿ ಚಿಕ್ಕಂದಿನಿಂದ ನಮ್ಮ ಮನೆಯ ದೀಪ ನನ್ನದೇ. ಮದುವೆಯಾದ ಮೇಲೂ ಹಬ್ಬಕ್ಕೆ ಬಂದು ಹೊರುತ್ತಿದ್ದೆ. ಎರಡು ವರ್ಷದ ಹಿಂದೆ ನನ್ನ ಗಂಡ ತೀರಿಕೊಂಡರು. ತವರಿಗೆ ಬಂದೆ. ಸಾವಾದ ಮನೆಯೆಂದು ಹೋದ ವರ್ಷ ನಮ್ಮಲ್ಲಿ ಹಬ್ಬ ಮಾಡಲಿಲ್ಲ. ಈ ಸಲ ನಾನು ದೀಪ ಹೊರಬಹುದೋ ಬಾರದೋ? ಬಾರದು ಎಂದರು ಊರ ಯಜಮಾನರು. ನನಗೆ ಹೊರಬೇಕೆಂಬ ಆಸೆ ಹೊಟ್ಟೆ ತುಂಬ ಇತ್ತು, ಬಾಯಿ ಮಾತ್ರ ಬರಲಿಲ್ಲ. ಬಾಯಿ ಇದ್ದದ್ದು ಅತ್ತೆಗೆ.

ಅದು ಎಂಥ ಬಾಯಿ ಎಂದು ತಿಳಿಯಬೇಕಾದರೆ ಆಕೆಯ ಬಿರುದುಗಳನ್ನು ಕೇಳಬೇಕು. ಯಾರಾದರೂ ಬೈದರೆ ನಾವು ನೀವು ಅಳುತ್ತೇವೆ, ಇಲ್ಲವೇ ತಿರುಗಿ ಬೈಯುತ್ತೇವೆ. ಅತ್ತೆ ನನಗೆ ಫೋನ್ ಮಾಡುತ್ತಾಳೆ! ನಾನು ಊರಿಂದ ದಿನಾ ಹೋಗಿಬರುವ ಮುಳಬಾಗಿಲಿನಲ್ಲಿ ಕನ್ನಡ ಟೀಚರು. ಆದ್ದರಿಂದ ಬೈಗುಳವನ್ನು ತೂಗಿ ಹೇಳುವ ಕೆಲಸ ನನಗೆ ಸೇರಿದ್ದು ಎಂಬುದು ಆಕೆಯ ತೀರ್ಮಾನ.

ಮೊದಲ ಬಿರುದು ಸಿಕ್ಕಿದ್ದು ಬಸ್ಸಿನಲ್ಲಿ. ಮುಂದಿನ ಸೀಟಿನಲ್ಲಿ ಒಬ್ಬ ಪಂಚಾಯಿತಿ ಮೆಂಬರ ಟವೆಲ್ಲು ಕೂತಿತ್ತು. ಮೆಂಬರು ಟೀ ಅಂಗಡಿಯಲ್ಲಿ ನಿಂತಿದ್ದರು. "ಟವೆಲ್ಲಿಗೆ ಟಿಕೆಟ್ ಕೊಟ್ಟಿದೀಯೇನಪ್ಪಾ?" ಎಂದು ಕಂಡಕ್ಟರನ್ನು ಕೇಳಿದ ಅತ್ತೆ, ಅದನ್ನು ನೀಟಾಗಿ ಮಡಿಸಿ ಅವನ ಹೆಗಲ ಮೇಲೇ ಹಾಕಿ ಕೂತುಬಿಟ್ಟಳು. ಹತ್ತು ನಿಮಿಷಕ್ಕೆ ನನಗೆ ಫೋನು.

"ಲೇ, ಕಂಡಕ್ಟರು ನನ್ನ ತಲೆಹರಟೆ ಅಂದ. ಅದು ದೊಡ್ಡದೇನೇ?"

"ಚಿಕ್ಕದು ಅತ್ತೆ. ಸ್ಕೂಲ್ ಮಕ್ಕಳಿಗೂ ಅಂತೀವಿ."

"ಅಷ್ಟೇನಾ?" ಎಂದು ಬೇಜಾರಿನಲ್ಲಿ ಫೋನಿಟ್ಟಳು.

ಎರಡನೆಯದು ಡಾಕ್ಟರಿಂದ ಬಂತು. ಬಿಪಿ ಇದೆ, ಉಪ್ಪಿನಕಾಯಿ ಬಿಡಿ ಎಂದರು ಅವರು. ನೀವು ಬಿಟ್ಟಿದೀರಾ ಎಂದು ಕೇಳಿ, ಮೇಜಿನ ಮೇಲಿದ್ದ ಅವರ ಊಟದ ಡಬ್ಬಿಯನ್ನೇ ತೆಗೆದು ನೋಡಿದಳಂತೆ. ಶ್ರೀನಿವಾಸಪುರದ ಮಾವಿನಕಾಯಿ, ಎರಡು ಹೋಳು! ಅಧಿಕಪ್ರಸಂಗಿ ಎಂಬ ಬಿರುದು ಅಲ್ಲೇ ಸಿಕ್ಕಿತು. ಓದಿದವರು ಬೈಯುವ ಮಾತು ಅದು, ಪರವಾಗಿಲ್ಲ ಎಂದು ನಾನೂ ಪಾಸು ಮಾಡಿದೆ.

ಆಮೇಲೆ ಪಂಚಾಯಿತಿಯ ಕಾರ್ಯದರ್ಶಿ ನಡೆಯದ ಸಭೆಯ ಪುಸ್ತಕಕ್ಕೆ ಸಹಿ ಕೇಳಲು ಮನೆಗೆ ಬಂದರು. ಅತ್ತೆ ಜಗುಲಿಯ ಮೇಲೆ ಚಾಪೆ ಹಾಸಿ, "ಕೂತ್ಕೊಳ್ಳಿ ಸಾರ್. ಮೊದ್ಲು ಸಭೆ ಮಾಡಿ, ಆಮೇಲೆ ಸೈನು," ಎಂದಳು. ಬೀದಿಯವರೆಲ್ಲ ಬಂದು ಕೂತರು. ಪಾಪ, ಮನುಷ್ಯ ಮೂರು ಗಂಟೆ ಸಭೆ ನಡೆಸಿ ಬೆವರೊರೆಸಿಕೊಂಡು ಎದ್ದರು. ಅವತ್ತು ಪಾಠದ ಮಧ್ಯೆಯೇ ಫೋನು.

"ಬಂಡಾಯಗಾರ್ತಿ ಅಂದ್ರು ಕಣೇ!"

"ಇದು ದೊಡ್ಡದು ಅತ್ತೆ. ಪುಸ್ತಕದಲ್ಲೆಲ್ಲ ಬರುತ್ತೆ."

"ಇದಕ್ಕಿಂತ ಮೇಲೆ ಏನಿದೆ?"

"ದಂಗೆಕೋರರು ಅಂತಾರೆ. ಅದಕ್ಕೆ ಜನ ಸೇರಿಸ್ಬೇಕು."

"ಅದಕ್ಕೂ ಮೇಲೆ?"

"ರಾಜದ್ರೋಹಿ. ಅದಕ್ಕೆ ರಾಜ ಇರ್ಬೇಕು."

ಅತ್ತೆ "ರಾಜನ್ನ ಎಲ್ಲಿಂದ ತರ್ಲಿ, ಹೋಗ್ಲಿ ಬಿಡು," ಎಂದಳು. ನಿಜವಾಗಿಯೂ ನೊಂದಿದ್ದಳು. ಆದರೂ ಸಂಜೆ ಬೀದಿಗೆಲ್ಲ ಶಾವಿಗೆ ಪಾಯಸ ಹಂಚಿದಳು.

ಇಂಥವಳ ಬಾಯಿ ಕಟ್ಟಲು ಮಹಿಳಾ ಸಂಘದವರು ಆಕೆಯನ್ನೇ ಅಧ್ಯಕ್ಷೆ ಮಾಡಿದರು. ಎಷ್ಟು ಬುದ್ಧಿವಂತರು ನೋಡಿ! ಮೊದಲ ಸಭೆಯಲ್ಲೇ ಅತ್ತೆ ಎದ್ದು ನಿಂತು, "ಅಧ್ಯಕ್ಷರ ತೀರ್ಮಾನ ನಾನು ಒಪ್ಪಲ್ಲ," ಎಂದಳು. "ಅಧ್ಯಕ್ಷರು ನೀನೇ ಕಣಕ್ಕಾ" ಎಂದು ಯಾರೋ ನೆನಪಿಸಿದರು. "ಆದ್ರೇನು? ತಪ್ಪು ಯಾರು ಮಾಡಿದ್ರೂ ತಪ್ಪೇ." ಆ ತೀರ್ಮಾನ ಬಿದ್ದುಹೋಯಿತು.

ಇನ್ನು ಹಬ್ಬದ ದಿನಕ್ಕೆ ಬರುತ್ತೇನೆ. ಯಜಮಾನರ ಮನೆಯ ಮುಂದೆ ದೀಪಗಳೆಲ್ಲ ಸಾಲಾಗಿ ಬಂದಿದ್ದವು. ಪ್ರತಿ ಮನೆಯ ದೀಪ ಎದ್ದ ಮೇಲೆಯೇ ತಮಟೆ ಬಾರಿಸಬೇಕು ಎಂಬುದು ನಮ್ಮೂರ ಪದ್ಧತಿ. ನಮ್ಮ ಮನೆಯ ದೀಪ ನೆಲದ ಮೇಲಿತ್ತು. ನಾನು ಗೋಡೆಗೆ ಒರಗಿ ನಿಂತಿದ್ದೆ.

"ಅದನ್ನ ನಮ್ಮನೆ ಹುಡುಗಿ ಹೊರ್ತಾಳೆ ಬಿಡಮ್ಮಾ," ಎಂದರು ಯಜಮಾನರು.

ಆಗ ಅತ್ತೆ ತನ್ನ ಜೀವಮಾನದಲ್ಲೇ ಮೊದಲ ಸಲ ಪದ್ಧತಿಯ ಪರವಾಗಿ ನಿಂತಳು! "ನಿಮ್ಮನೆ ಹುಡುಗಿ ಹೊತ್ರೆ ಅದು ನಿಮ್ಮನೆ ದೀಪ ಆಗುತ್ತೆ ಯಜಮಾನ್ರೇ. ಪದ್ಧತಿ ಅಂದ್ರೆ ಪದ್ಧತಿ. ನಮ್ಮಣ್ಣನ ಮನೇಲಿ ಹೊರೋಳು ಇವಳೊಬ್ಬಳೇ. ಇವಳು ಎತ್ತೋವರ್ಗೂ ನಮ್ಮನೆ ದೀಪಾನೂ ನೆಲದ ಮೇಲೇ."

ಅತ್ತೆಯ ಸೊಸೆ ತಲೆಯ ಮೇಲಿದ್ದ ದೀಪವನ್ನು ಇಳಿಸಿದಳು. ಪಕ್ಕದವಳೂ ಇಳಿಸಿದಳು. ಒಬ್ಬೊಬ್ಬರಾಗಿ ಸಾಲೆಲ್ಲ ಇಳಿಸಿತು. ಕೊನೆಗೆ ಯಜಮಾನರ ಸ್ವಂತ ಸೊಸೆಯೂ! ಯಜಮಾನರು ಅತ್ತೆಯನ್ನು ಬೈಯಲು ಬಾಯಿ ತೆರೆದರು. ಬಂಡಾಯಗಾರ್ತಿಯವರೆಗೆ ಎಲ್ಲವೂ ಆಗಲೇ ಖರ್ಚಾಗಿದ್ದವು. ಪದ ಸಿಗದೆ, "ಏನಾದ್ರೂ ಮಾಡ್ಕೊಳ್ಳಿ," ಎಂದು ಕೈ ಬೀಸಿ ತಿರುಗಿ ನಿಂತರು.

ಅತ್ತೆ ಗೋಡೆಯ ಹತ್ತಿರ ಬಂದಳು. "ಹೊರ್ತೀಯೇನೇ?" ಎಂದು ಮೆತ್ತಗೆ ಕೇಳಿದಳು. ನಾನು ತಲೆಯಾಡಿಸಿದೆ, ಅಳು ಬಂದಿತ್ತು. ಸೀರೆಯ ತುಂಡನ್ನು ಸುತ್ತಿ ಸಿಂಬಿ ಮಾಡಿ ನನ್ನ ತಲೆಯ ಮೇಲಿಟ್ಟಳು. ಅದು ನಿಲ್ಲಲಿಲ್ಲ. ಮತ್ತೆ ಇಟ್ಟಳು, ಮತ್ತೆ ಜಾರಿತು. ಆಗ ನೋಡಿದೆ, ಆಕೆಯ ಎರಡೂ ಕೈ ಗಡಗಡ ನಡುಗುತ್ತಿದ್ದವು.

"ಅತ್ತೆ, ಹೆದರಿಕೆನಾ?"

"ಹೂಂ ಕಣೇ," ಎಂದಳು ನನಗೆ ಮಾತ್ರ ಕೇಳುವಂತೆ. "ಯಾರ ಎದುರು ನಿಂತ್ರೂ ಹಿಂಗೇ ನಡುಗುತ್ತೆ. ಕಾಣಿಸ್ದೇ ಇರ್ಲಿ ಅಂತ ಜೋರಾಗಿ ಮಾತಾಡ್ತೀನಿ."

ಸಿಂಬಿಯನ್ನು ನಾನೇ ಸರಿ ಮಾಡಿಕೊಂಡೆ. ದೀಪ ತಲೆಗೇರಿತು, ತಮಟೆ ಶುರುವಾಯಿತು. ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದರಲ್ಲಿ ಅತ್ತೆಯ ಕೈ ಹಿಡಿದು ನಡೆದೆ. ಗುಡಿ ಮುಟ್ಟುವವರೆಗೂ ಆ ಕೈ ನಡುಗುತ್ತಲೇ ಇತ್ತು, ನಾನು ಬಿಡಲಿಲ್ಲ.